ಬಿಟ್ಟಿ ಬಿಡಾರ

ನಮ್ಮ ಕುಬಟೂರೇ ಚಂದ್ರಹಾಸನ ಕುಂತಳನಗರವೆಂಬ ನಂಬಿಕೆ ಈ ಸೀಮೆಯಲ್ಲಿ ಬಹಳ ಹಿಂದಿನಿಂದಲೂ ಬೇರೂರಿದೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುವ ಆ ಕಥೆಯನ್ನು ನನ್ನ ವಿದ್ಯಾರ್ಥಿಗಳು ಮರೆತಿರಲಾರರು. ಮಂತ್ರಿ ದುಷ್ಟಬುದ್ಧಿಯ ಪತ್ರವನ್ನು ಹೊತ್ತು ಬಂದ ಚಂದ್ರಹಾಸನು ನೇರವಾಗಿ ಊರೊಳಗೆ ಹೋಗದೆ, ಹೊರವಲಯದ ಉಪವನದಲ್ಲಿ ದಣಿವಾರಿಸಿಕೊಳ್ಳಲೆಂದು ಮಲಗಿದ. ಅಲ್ಲಿಗೆ ಬಂದ ಮಂತ್ರಿಯ ಮಗಳು ವಿಷಯೆ ಆ ಪತ್ರವನ್ನು ಓದಿ, ವಿಷ ಕೊಡಬೇಕೆಂಬ ಮಾತನ್ನು ತನ್ನನ್ನೇ ಕೊಡಬೇಕೆಂಬಂತೆ ತಿದ್ದಿದಳು. ಸಾಯಬೇಕಾಗಿದ್ದವನು ಅಳಿಯನಾದ. ಒಂದು ಅಕ್ಷರದ ಬೆಲೆ ಎಷ್ಟೆಂದು ತಿಳಿಸಲು ನಾವು ಮೇಷ್ಟರುಗಳು ಈ ಕಥೆಯನ್ನು ಧಾರಾಳವಾಗಿ ಬಳಸುತ್ತಿದ್ದೆವು. ಆದರೆ ಅದರಲ್ಲಿ ನಾವು ಹೇಳದೆ ಬಿಟ್ಟ ಇನ್ನೊಂದು ಸಂಗತಿಯೂ ಇದೆ. ಪರವೂರಿನ ಹುಡುಗನೊಬ್ಬನು ಯಾರನ್ನೂ ಕೇಳದೆ, ಯಾರಿಗೂ ಕಾಸು ಕೊಡದೆ ಮರದ ನೆರಳಿನಲ್ಲಿ ಮಲಗಿದ. ಕಾವಲುಗಾರನು ಬಂದು ಎಬ್ಬಿಸಿ ಕಳುಹಿಸಲಿಲ್ಲ. ಕಥೆ ಹೇಳಿದವರಿಗೂ ಕೇಳಿದವರಿಗೂ ಅದು ವಿಶೇಷವೆನಿಸಲಿಲ್ಲ.

ಈಗ ಈ ಮಾತು ನೆನಪಾಗಲು ಕಾರಣವಿದೆ. ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬರೆದಿದ್ದ. ಅಲ್ಲಿನ ನ್ಯಾಷನಲ್ ಫಾರೆಸ್ಟ್‌ಗಳೆಂಬ ಸರ್ಕಾರಿ ಬೆಟ್ಟಗಾಡುಗಳಲ್ಲಿ, ನಿಷೇಧವಿಲ್ಲದ ಕಡೆ, ಯಾರು ಬೇಕಾದರೂ ಗುಡಾರ ಹಾಕಿ ರಾತ್ರಿ ಕಳೆಯಬಹುದಂತೆ. ನಲ್ಲಿಯಿಲ್ಲ, ಶೌಚಾಲಯವಿಲ್ಲ, ದೀಪವಿಲ್ಲ, ಶುಲ್ಕವೂ ಇಲ್ಲ. ಸಾಮಾನ್ಯವಾಗಿ ಹದಿನಾಲ್ಕು ದಿನಗಳ ಮಿತಿ. ಬಳಿಕ ಜಾಗ ಬದಲಿಸಬೇಕು. ತಂದ ಕಸವನ್ನು ತಾವೇ ಹೊತ್ತೊಯ್ಯಬೇಕು. ಇಷ್ಟನ್ನು ವರ್ಣಿಸಿ ಆತ ಕೇಳಿದ: "ಸರ್, ನಮ್ಮ ಮಲೆನಾಡಿನಲ್ಲಿ ಇಷ್ಟೊಂದು ಕಾಡಿದ್ದೂ ಹೀಗೊಂದು ಪದ್ಧತಿ ಏಕೆ ಇರಲಿಲ್ಲ?"

ಪ್ರಶ್ನೆ ಒಳ್ಳೆಯದು, ಆದರೆ ಅದರಲ್ಲಿರುವ 'ಇರಲಿಲ್ಲ' ಎಂಬ ಮಾತು ಸರಿಯಲ್ಲ. ಇತ್ತು. ಅದರ ಚರಿತ್ರೆಯೂ ಇದೆ, ಅದಕ್ಕೆ ಶಬ್ದಗಳೂ ಇವೆ. ಅವುಗಳನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೂರು ಶಬ್ದಗಳು

'ಬಿಡು' ಎಂಬ ನಮ್ಮ ಪುಟ್ಟ ಕ್ರಿಯಾಪದದಿಂದ ಹುಟ್ಟಿದ್ದು 'ಬೀಡು'. ಎತ್ತಿನ ನೊಗ ಬಿಟ್ಟು, ಹೊರೆ ಇಳಿಸಿ, ಕಾಲು ಚಾಚಿದ ಜಾಗವೇ ಬೀಡು. ಅರಸನು ದಂಡಿನೊಡನೆ ತಂಗಿದಾಗ ಶಾಸನಗಳು ಆ ಸ್ಥಳವನ್ನು ಬೀಡೆಂದು, ಅವನು ನೆಲೆನಿಂತ ಸ್ಥಳವನ್ನು ನೆಲೆವೀಡೆಂದು ಕರೆದವು. ಹೊಯ್ಸಳರ ದೊಡ್ಡ ರಾಜಧಾನಿಯ ಅವಶೇಷ ಇಂದಿಗೂ ಹಳೇಬೀಡು. ಅದೇ ಮೂಲದಿಂದ ಬಂದದ್ದು 'ಬಿಡಾರ'. ಬೀಡು ಅರಸರದ್ದಾದರೆ ಬಿಡಾರ ನಮ್ಮ ನಿಮ್ಮಂಥವರದ್ದು. ಇಂದು ಇದ್ದು ನಾಳೆ ಕೀಳುವಂಥದ್ದು.

ಮೂರನೆಯ ಶಬ್ದ 'ಬಿಟ್ಟಿ'. ಇದು 'ಬಿಡು'ವಿನ ಬಂಧುವಿನಂತೆ ಕೇಳಿಸಿದರೂ ಅಲ್ಲ. ಸಂಸ್ಕೃತದ 'ವಿಷ್ಟಿ'ಯ ತದ್ಭವ ಇದು. ವಿಷ್ಟಿಯೆಂದರೆ ಕೂಲಿಯಿಲ್ಲದೆ ಬಲವಂತವಾಗಿ ಮಾಡಿಸಿಕೊಳ್ಳುವ ದುಡಿಮೆ. ಹಳೆಯ ಶಾಸನಗಳಲ್ಲಿ ಪ್ರಜೆಯ ಮೇಲಿನ ಹೊರೆಗಳನ್ನು ಪಟ್ಟಿಮಾಡುವಾಗ ಬಿಟ್ಟಿಯ ಹೆಸರೂ ಬರುತ್ತದೆ. ಈಗ ನಾವು "ಬಿಟ್ಟಿ ಸಿಕ್ಕಿತು" ಎನ್ನುತ್ತೇವೆ. ಗಮನಿಸಿ: ಕೊಟ್ಟವನ ಪಾಲಿನ ನೋವನ್ನು ಹೇಳುತ್ತಿದ್ದ ಶಬ್ದ, ಪಡೆದವನ ಪಾಲಿನ ಲಾಭವನ್ನು ಹೇಳುವ ಶಬ್ದವಾಗಿ ತಿರುಗಿದೆ. ಭಾಷೆ ಎಷ್ಟು ಮರೆವಿನದು! ಒಬ್ಬನಿಗೆ ಬಿಟ್ಟಿ ಸಿಕ್ಕಿತೆಂದರೆ ಇನ್ನೊಬ್ಬನು ಎಲ್ಲೋ ಬಿಟ್ಟಿ ದುಡಿದಿದ್ದಾನೆ ಎಂಬುದನ್ನು ಈ ಶಬ್ದ ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿದೆ. ಕಾಡಿನಲ್ಲಿ ಪುಕ್ಕಟೆ ತಂಗುವ ವಿಚಾರವನ್ನು ನಾನು ಈ ಶಬ್ದದ ಬೆಳಕಿನಲ್ಲಿಯೇ ನೋಡಬಯಸುತ್ತೇನೆ. ಬಿಡಾರ ಪುಕ್ಕಟೆ ಹೌದು; ಅದರ ವೆಚ್ಚವನ್ನು ಭರಿಸಿದವರು ಯಾರು?

ಕಾಡು ಸೇರಿದ ವಿದ್ಯಾರ್ಥಿ, ಊರಿಗೆ ಬಂದ ಅರಸ

ಶಿಕಾರಿಪುರ ತಾಲೂಕಿನ ತಾಳಗುಂದದ ಸ್ತಂಭಶಾಸನ ನಿಮಗೆಲ್ಲ ಗೊತ್ತಿರುವಂಥದ್ದೇ. ಕವಿ ಕುಬ್ಜನು ರಚಿಸಿದ ಆ ಶಾಸನದ ಪ್ರಕಾರ, ಕಂಚಿಯ ಘಟಿಕೆಗೆ ಓದಲು ಹೋಗಿದ್ದ ಮಯೂರಶರ್ಮನು ಪಲ್ಲವರ ಕುದುರೆ ಸವಾರನೊಡನೆ ನಡೆದ ಜಗಳದಿಂದ ಅವಮಾನಿತನಾಗಿ, ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದ. ಗಡಿ ಕಾಯುವವರನ್ನು ಸೋಲಿಸಿ, ಶ್ರೀಪರ್ವತದ ಬಾಗಿಲವರೆಗೆ ಹಬ್ಬಿದ್ದ ದುರ್ಗಮವಾದ ಅಡವಿಯನ್ನು ಆಶ್ರಯಿಸಿದ. ಕದಂಬ ರಾಜ್ಯ ಹುಟ್ಟಿದ್ದು ಅರಮನೆಯಲ್ಲಲ್ಲ, ಅಡವಿಯ ಬಿಡಾರದಲ್ಲಿ. ತರಗತಿಯಲ್ಲಿ ಇದನ್ನು ಹೇಳುವಾಗ, "ಹಾಗಾದರೆ ಓದು ಬಿಟ್ಟು ಕಾಡಿಗೆ ಹೋದರೆ ರಾಜನಾಗಬಹುದೇ ಸರ್?" ಎಂದು ಯಾರಾದರೊಬ್ಬರು ಕೇಳದೆ ಇರುತ್ತಿರಲಿಲ್ಲ. ಆ ಬಿಡಾರವೂ ಪುಕ್ಕಟೆಯದಾಗಿರಲಿಲ್ಲವೆಂದು ಅದೇ ಶಾಸನ ಹೇಳುತ್ತದೆ. ಬೃಹದ್ಬಾಣರೇ ಮೊದಲಾದ ಅರಸರಿಂದ ಮಯೂರನು ಕಪ್ಪ ವಸೂಲು ಮಾಡುತ್ತಿದ್ದ. ಆ ಅರಸರಿಗೆ ಕಪ್ಪದ ಹಣ ಬಂದದ್ದು ಉಳುವವನ ಕಣಜದಿಂದಲ್ಲವೇ?

ಏಳು ಶತಮಾನಗಳಷ್ಟು ಮುಂದೆ ಬರೋಣ. ಕುಬಟೂರಿನ ಕೈಟಭೇಶ್ವರ ದೇವಾಲಯ ಸುಮಾರು ಕ್ರಿ.ಶ. 1100ರ ಕಾಲದ್ದು. ಸಾಲುಕಂಬಗಳ ಅದರ ತೆರೆದ ಮಂಟಪವನ್ನು ನೋಡಿದವರಿಗೆ, ಅಂಚಿನುದ್ದಕ್ಕೂ ಇರುವ ಕಲ್ಲಿನ ಆಸನದ ಮೇಲೆ ದಾರಿಹೋಕರು ಎಷ್ಟು ಮಂದಿ ತಲೆಯಿಟ್ಟಿರಬಹುದೆಂದು ತೋಚದಿರದು. ಅದಕ್ಕೂ ಮೊದಲೇ, 1077ರಲ್ಲಿ, ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಇಲ್ಲಿಯ ಪಾರ್ಶ್ವದೇವರ ಬಸದಿಗೆ ದಾನ ಬಿಟ್ಟದ್ದನ್ನು ಶಾಸನ ದಾಖಲಿಸಿದೆ. 'ಬಸದಿ' ಎಂಬುದೂ 'ವಸತಿ'ಯ ತದ್ಭವವೇ. ತಂಗುವ ಜಾಗಕ್ಕೂ ಪೂಜಿಸುವ ಜಾಗಕ್ಕೂ ನಮ್ಮ ಹಿರಿಯರು ಬಹಳ ದೂರವನ್ನು ಕಲ್ಪಿಸಿರಲಿಲ್ಲ.

ಇನ್ನು ಬಳ್ಳಿಗಾವೆಗೆ ಬನ್ನಿ. ಅಲ್ಲಿನ ಕೇದಾರೇಶ್ವರಕ್ಕೆ ಸೇರಿದ ಕೋಡಿಯ ಮಠದ ವರ್ಣನೆ 1162ರ ಶಾಸನದಲ್ಲಿದೆ. ದಕ್ಷಿಣ ದಿಕ್ಕನ್ನು ಗೆಲ್ಲಲೆಂದು ಬಂದ ಕಳಚುರಿ ಬಿಜ್ಜಳನು ಬಳ್ಳಿಗಾವೆಯಲ್ಲಿ ಬೀಡು ಬಿಟ್ಟಿದ್ದ ಸಂದರ್ಭ ಅದು. ಶಾಸನದ ಪ್ರಕಾರ ಆ ಮಠದಲ್ಲಿ ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ಪಾಠ ನಡೆಯುತ್ತಿತ್ತು. ಅಷ್ಟೇ ಅಲ್ಲ, ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಹಾಡುವವರಿಗೆ, ಕುಣಿಯುವವರಿಗೆ, ನಾನಾ ದೇಶಗಳಿಂದ ಬರುವ ಭಿಕ್ಷುಕರಿಗೆ, ಸನ್ಯಾಸಿಗಳಿಗೆ, ಕ್ಷಪಣಕರಿಗೆ ಅನ್ನ ದೊರೆಯುತ್ತಿತ್ತು. ರೋಗಿಗಳಿಗೆ ಔಷಧ, ಸಕಲ ಜೀವಿಗಳಿಗೆ ಅಭಯ ಸಿಗುತ್ತಿತ್ತು. ಮತ ಕೇಳಿ ಮಣೆ ಹಾಕುವ ಪದ್ಧತಿ ಅದಲ್ಲ.

ಇಲ್ಲಿ ನನ್ನನ್ನು ಸೆಳೆಯುವುದು ಔದಾರ್ಯ ಮಾತ್ರವಲ್ಲ. ಲೆಕ್ಕ. ಇಂಥ ಮಠಕ್ಕೆ ಊರು, ಗದ್ದೆ, ಸುಂಕಗಳನ್ನು ಬಿಟ್ಟುಕೊಟ್ಟದ್ದನ್ನು, ಕೊಟ್ಟವರ ಹೆಸರು ಮತ್ತು ಗಡಿಗಳ ಸಮೇತ, ಕಲ್ಲಿನ ಮೇಲೆ ಕೊರೆಸುತ್ತಿದ್ದರು. ದಾರಿಹೋಕನಿಗೆ ಪುಕ್ಕಟೆ ಅನ್ನ ಸಿಗುತ್ತಿತ್ತು, ನಿಜ. ಆದರೆ ಅದರ ವೆಚ್ಚ ಯಾರದೆಂಬುದು ಎಲ್ಲರೂ ಓದುವಂತೆ ನಿಂತಿತ್ತು. ದಂಡಿನ ಬೀಡಿಗೆ ಹುಲ್ಲು ಹೊತ್ತವನ ಹೆಸರು ಮಾತ್ರ ಯಾವ ಕಲ್ಲಿನ ಮೇಲೂ ಸಿಗುವುದಿಲ್ಲ. ದಾಸೋಹಕ್ಕೂ ಬಿಟ್ಟಿಗೂ ಇರುವ ಅಂತರ ಇದೇ.

ಹನುಮಂತನ ಗುಡಿಯ ಜಗಲಿ

1623ರ ನವೆಂಬರಿನಲ್ಲಿ ರೋಮ್ ನಗರದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಎಂಬವನು, ಪೋರ್ಚುಗೀಸರ ರಾಯಭಾರಿಯ ಜೊತೆಗೂಡಿ, ಇಕ್ಕೇರಿಯ ವೆಂಕಟಪ್ಪನಾಯಕನನ್ನು ಕಾಣಲು ಗೇರುಸೊಪ್ಪೆಯ ಕಡೆಯಿಂದ ಘಟ್ಟ ಹತ್ತಿ ಬಂದ. ದಟ್ಟ ಕಾಡಿನ ಆ ದಾರಿಯಲ್ಲಿ ಹೋಟೆಲೂ ಇಲ್ಲ, ಬಂಗಲೆಯೂ ಇಲ್ಲ. ಘಟ್ಟದ ಮೇಲೆ ಹನುಮಂತನ ಗುಡಿಯ ಮುಂಭಾಗದಲ್ಲಿ ಸಾಮಾನು ಸಾಗಿಸುವವರಿಗಾಗಿ ಕಾದು ಕುಳಿತಿದ್ದಾಗ ಅವನ ಕಣ್ಣಿಗೆ ಬಿದ್ದದ್ದು ನಾಲ್ವರು ಹುಡುಗರು. ನೆಲದ ಮೇಲೆ ನುಣುಪಾದ ಮರಳು ಹರಡಿ, ಪಾಠವನ್ನು ರಾಗವಾಗಿ ಹೇಳುತ್ತ, ಅದನ್ನೇ ಬೆರಳಿನಿಂದ ಮರಳಿನ ಮೇಲೆ ಬರೆಯುತ್ತ ಅವರು ಲೆಕ್ಕ ಕಲಿಯುತ್ತಿದ್ದರು. ಮರಳು ತುಂಬಿದರೆ ಅಳಿಸಿ ಮತ್ತೆ ಹರಡುತ್ತಿದ್ದರು. ಗುರುವಿಲ್ಲದಿದ್ದರೂ ಒಬ್ಬರಿಗೊಬ್ಬರು ಹೇಳಿಕೊಟ್ಟು ಕಲಿಯುತ್ತಿದ್ದ ಈ ಸರಳ ರೀತಿಯನ್ನು ಅವನು ಮೆಚ್ಚಿ ಬರೆದಿಟ್ಟಿದ್ದಾನೆ.

ಮೂವತ್ತಕ್ಕೂ ಹೆಚ್ಚು ವರ್ಷ ಸೀಮೆಸುಣ್ಣ ಹಿಡಿದ ನನಗೆ ಈ ಪ್ರಸಂಗ ಬಹಳ ಪ್ರಿಯ. ನಾಲ್ಕು ನೂರು ವರ್ಷಗಳ ಹಿಂದಿನ ನಮ್ಮ ಮಲೆನಾಡಿನ ಶಾಲೆಯ ಚಿತ್ರ ನಮಗೆ ದೊರೆತದ್ದು, ದಾರಿಹೋಕನೊಬ್ಬನಿಗೆ ಗುಡಿಯ ಜಗಲಿಯಲ್ಲಿ ಪುಕ್ಕಟೆ ಜಾಗ ಸಿಕ್ಕಿದ್ದರಿಂದ. ಜಾಗ ಕೊಟ್ಟ ಊರಿಗೆ ಅತಿಥಿ ಒಂದು ಚರಿತ್ರೆಯನ್ನು ಬಿಟ್ಟುಹೋದ. ಇಂಥ ಬಾಡಿಗೆಯನ್ನು ತೆರುವ ಪ್ರವಾಸಿಗಳು ಎಷ್ಟು ಮಂದಿ!

ತಾಂಡಾ

ಘಟ್ಟದ ಮೇಲಿನ ಭತ್ತ, ಅಡಿಕೆ, ಮೆಣಸು ಕೆಳಕ್ಕಿಳಿಯಬೇಕು. ಕರಾವಳಿಯ ಉಪ್ಪು ಮೇಲಕ್ಕೇರಬೇಕು. ಗಾಡಿ ಹೋಗಲಾರದ ಕಣಿವೆಗಳಲ್ಲಿ ಈ ಸಾಗಾಟ ಹೇರೆತ್ತುಗಳ ಬೆನ್ನಿನ ಮೇಲೆ ನಡೆಯುತ್ತಿತ್ತು. ಈ ಕೆಲಸದಲ್ಲಿ ನುರಿತವರು ಬಂಜಾರರು, ನಮ್ಮ ಲಂಬಾಣಿಗಳು. 'ಲಂಬಾಣಿ' ಎಂಬ ಹೆಸರೇ 'ಲವಣ'ದಿಂದ ಬಂದದ್ದೆಂದು ಹೇಳುವುದುಂಟು. ನೂರಾರು, ಸಾವಿರಾರು ಎತ್ತುಗಳ ಹಿಂಡು, ಹೆಂಗಸರು, ಮಕ್ಕಳು, ನಾಯಿಗಳು ಕೂಡಿದ ಅವರ ನಡೆಯುವ ಊರಿಗೆ 'ತಾಂಡಾ' ಎಂದು ಹೆಸರು. ಹುಲ್ಲು, ನೀರು ಇರುವ ಬಯಲಿನಲ್ಲಿ ಹೇರು ಇಳಿಸಿ, ಗೋಣಿಗಳನ್ನು ಒಟ್ಟಿ, ಬೆಂಕಿ ಹಾಕಿ ರಾತ್ರಿ ಕಳೆದು ಮುಂದೆ ಸಾಗುತ್ತಿದ್ದರು. ಅವರ ಗುರು ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜೆಗೊಳ್ಳುವ ಸೂರಗೊಂಡನಕೊಪ್ಪ ಇರುವುದು ಶಿಕಾರಿಪುರಕ್ಕೆ ನೆರೆಯಾದ ನ್ಯಾಮತಿ ತಾಲೂಕಿನಲ್ಲಿಯೇ.

1791–92ರಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದಾಗ ಅವನ ಸೈನ್ಯಕ್ಕೆ ಧಾನ್ಯ ಒದಗಿಸಿದವರಲ್ಲಿ ಬಂಜಾರರು ಮುಖ್ಯರು. 1799ರಲ್ಲಿ ನಮ್ಮ ಶಿಕಾರಿಪುರದ ಸೀಮೆಯಲ್ಲಿ ಕಾಳಗ ನಡೆಸಿ, ಮರುವರ್ಷದ ಸೆಪ್ಟೆಂಬರಿನಲ್ಲಿ ಕೋಣಗಲ್ಲಿನಲ್ಲಿ ಹತನಾದ ಧೋಂಡಿಯ ವಾಘನನ್ನು ಬೆನ್ನಟ್ಟಿದ ಆರ್ಥರ್ ವೆಲೆಸ್ಲಿಯ ಸೈನ್ಯವೂ ಅವರ ಎತ್ತುಗಳನ್ನೇ ನೆಚ್ಚಿತ್ತು. ಮುಂದೆ ರಸ್ತೆ, ರೈಲು ಬಂದು ಹೇರೆತ್ತಿನ ವ್ಯಾಪಾರ ಮುರಿಯಿತು. ಆಗ ಅದೇ ಬ್ರಿಟಿಷ್ ಆಡಳಿತದ ಕಣ್ಣಿಗೆ ಸಂಚಾರಿಗಳ ಬಿಡಾರ ಅನುಮಾನದ ವಸ್ತುವಾಯಿತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಅನೇಕ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡುವ ದಾರಿ ತೆರೆಯಿತು. ಅದು ರದ್ದಾದದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ.

ಬಿಡಾರ ಕೀಳಲಾಗದೆ ನೆಲೆನಿಂತ ತಾಂಡಾಗಳು ಎಷ್ಟೋ ಕಾಲ ಕಂದಾಯದ ಲೆಕ್ಕದಲ್ಲಿ ಊರುಗಳೇ ಆಗಿರಲಿಲ್ಲ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟ ಸುದ್ದಿಯನ್ನು ನೀವು ಓದಿರಬಹುದು. ಒಬ್ಬರ ಬಿಡಾರ ಸಾಹಸವೆನಿಸಿದರೆ ಇನ್ನೊಬ್ಬರದು ಒತ್ತುವರಿಯೆನಿಸುತ್ತದೆ. ಬಟ್ಟೆ ಅದೇ, ಗೂಟ ಅದೇ. ಒಳಗೆ ಮಲಗಿದವನು ಯಾರೆಂಬುದರ ಮೇಲೆ ಹೆಸರು ಬದಲಾಗುತ್ತದೆ.

ಸಾಹೇಬರ ಮೊಕ್ಕಾಂ

ಡಾಕ್ಟರ್ ಫ್ರಾನ್ಸಿಸ್ ಬುಕಾನನ್ 1800ರ ಏಪ್ರಿಲಿನಲ್ಲಿ ಮದ್ರಾಸಿನಿಂದ ಹೊರಟು, 1801ರಲ್ಲಿ ಬನವಾಸಿ, ಚಂದ್ರಗುತ್ತಿ, ಇಕ್ಕೇರಿ, ನಗರದ ಮೂಲಕ ಹಾದುಹೋದ. ಅವನ ಮೂರು ಸಂಪುಟಗಳ ಪ್ರವಾಸಕಥನ 1807ರಲ್ಲಿ ಅಚ್ಚಾಯಿತು. ನಮ್ಮ ಸೀಮೆಯ ತೋಟ, ಗದ್ದೆ, ಕಾಡು, ಜಾತಿ, ತೆರಿಗೆಗಳ ಬಗ್ಗೆ ಅಷ್ಟು ವಿವರ ಬೇರೆಡೆ ಸಿಗುವುದು ಕಷ್ಟ. ಅವನ ನಂತರ ಬಂದ ಕಲೆಕ್ಟರು, ಸರ್ವೇಯರು, ಅರಣ್ಯಾಧಿಕಾರಿಗಳೆಲ್ಲರೂ ಗುಡಾರದಲ್ಲಿಯೇ ಆಡಳಿತ ನಡೆಸಿದರು. 'ಮೊಕ್ಕಾಂ' ಎಂಬ ಮಾತು ನಮ್ಮ ತಾಲೂಕು ಕಚೇರಿಗಳ ಕಾಗದಗಳಲ್ಲಿ ಉಳಿದದ್ದು ಹೀಗೆ. ನನ್ನ ಅಜ್ಜನ ಪೀಳಿಗೆಯವರು ಆ ಮಾತು ಕೇಳಿದರೆ ಇಂದಿಗೂ ಎದ್ದು ನಿಲ್ಲುತ್ತಿದ್ದರೇನೋ! ಸಾಹೇಬರ ಮೊಕ್ಕಾಂ ಬಂತೆಂದರೆ ಹಾಲು, ಕೋಳಿ, ಸೌದೆ, ಹುಲ್ಲು, ಹೊರುವ ಆಳು ಎಲ್ಲವೂ ಊರಿನಿಂದಲೇ ಹೊರಡಬೇಕು. ಕಾಸು ಕೊಟ್ಟರೂ ಅದು ನಡುವಿನ ಕೈಗಳನ್ನು ದಾಟಿ ಬರುವುದು ಕಷ್ಟವೆಂದು ಅವರು ಹೇಳುತ್ತಿದ್ದರು.

ಇದು ನಮ್ಮೊಬ್ಬರ ಕಥೆಯಲ್ಲ. ಹಿಮಾಲಯದ ಕುಮಾವೂಂ ಬೆಟ್ಟಗಳಲ್ಲಿ ಪ್ರವಾಸ ಬಂದ ಅಧಿಕಾರಿಗಳ ಸಾಮಾನನ್ನು ಹೊರುವ ಸರದಿ ಹಳ್ಳಿಗರ ಮೇಲಿತ್ತು. ಅದನ್ನು 'ಕೂಲಿ ಬೇಗಾರ್' ಎನ್ನುತ್ತಿದ್ದರು. ಯಾವ ಊರಿನಿಂದ ಎಷ್ಟು ಆಳು ಎಂಬುದಕ್ಕೆ ದಫ್ತರಗಳೇ ಇದ್ದವು. 1921ರ ಜನವರಿಯ ಮಕರ ಸಂಕ್ರಮಣದಂದು ಬಾಗೇಶ್ವರದ ಜಾತ್ರೆಯಲ್ಲಿ ನೆರೆದ ಸಾವಿರಾರು ಜನ ಇನ್ನು ಹೊರುವುದಿಲ್ಲವೆಂದು ಶಪಥ ಮಾಡಿ, ಆ ದಫ್ತರಗಳನ್ನು ಸರಯೂ ನದಿಗೆ ಎಸೆದರು. ಹೊಳೆಗೆ ಬಿದ್ದದ್ದು ಬರಿಯ ಕಾಗದವಲ್ಲ. ಪರರ ಬಿಡಾರವನ್ನು ಬೆನ್ನ ಮೇಲೆ ಹೊರುವ ಬಾಧ್ಯತೆ ಅದು. ನಮ್ಮ ಕನ್ನಡದಲ್ಲಿ ಹೇಳುವುದಾದರೆ, ಅವರು ಬಿಟ್ಟಿಯನ್ನು ಹೊಳೆಗೆ ಬಿಟ್ಟರು.

ಕಾನು ಮತ್ತು ಕಾನೂನು

ಸೊರಬದವರಿಗೆ 'ಕಾನು' ಎಂದರೇನೆಂದು ವಿವರಿಸಬೇಕಿಲ್ಲ. ಹೊರಗಿರುವ ನಿಮ್ಮ ಮಕ್ಕಳಿಗಾಗಿ ಹೇಳುತ್ತೇನೆ. ಊರಿನ ಮಗ್ಗುಲಲ್ಲಿಯೇ ಉಳಿಸಿಕೊಂಡ ದಟ್ಟವಾದ ನಿತ್ಯಹಸುರಿನ ಕಾಡು ಅದು. ಒಳಗೆ ದೇವರ ಬನ, ನೀರಿನ ಒರತೆ, ಮರಕ್ಕೆ ಹಬ್ಬಿದ ಮೆಣಸು. 1868ರಲ್ಲಿ ಅರಣ್ಯ ಇಲಾಖೆಯ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲೂಕಿನ ಕಾನುಗಳ ಬಗ್ಗೆಯೇ ಒಂದು ವರದಿ ಬರೆದರು. ಈ ಒಂದೇ ತಾಲೂಕಿನಲ್ಲಿ 171 ಕಾನುಗಳು, ಒಟ್ಟು ಸುಮಾರು 13 ಸಾವಿರ ಹೆಕ್ಟೇರ್‌ನಷ್ಟು ಇದ್ದವೆಂದು ಅದರಿಂದ ತಿಳಿಯುತ್ತದೆ. ಇಂದು ಅವುಗಳಲ್ಲಿ ಎಷ್ಟು ಉಳಿದಿವೆ ಎಂಬುದನ್ನು ನೋಡಲು ಆನವಟ್ಟಿಯಿಂದ ಸೊರಬಕ್ಕೆ ಬಸ್ಸಿನ ಕಿಟಕಿಯ ಪಕ್ಕ ಕುಳಿತು ಹೋದರೆ ಸಾಕು.

ಕಾನು ಪುಕ್ಕಟೆಯದಾಗಿದ್ದರೂ ಕಟ್ಟಳೆಯಿಲ್ಲದ್ದಾಗಿರಲಿಲ್ಲ. ಎಲ್ಲಿ ಕೊಡಲಿ ಹಾಕಬಾರದು, ಎಲ್ಲಿ ಚಪ್ಪಲಿ ಮೆಟ್ಟಬಾರದು, ಯಾವ ಒರತೆಯನ್ನು ಕಲಕಬಾರದು ಎಂಬುದು ಊರಿಗೆ ಗೊತ್ತಿತ್ತು. ಕಾವಲು ಕಾಯುತ್ತಿದ್ದುದು ಭೂತಪ್ಪ, ಚೌಡಮ್ಮ. ಆಮೇಲೆ ಬಂದದ್ದು ಕಾನೂನು: ಬ್ರಿಟಿಷ್ ಇಂಡಿಯಾದಲ್ಲಿ 1865 ಮತ್ತು 1878ರ ಅರಣ್ಯ ಕಾಯಿದೆಗಳು, ಮೈಸೂರಿನಲ್ಲಿ 1900ರ ಅರಣ್ಯ ರೆಗ್ಯುಲೇಷನ್, ನಂತರ 1963ರ ಕರ್ನಾಟಕ ಅರಣ್ಯ ಕಾಯಿದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು, ಅಲ್ಲಿ ಬೆಂಕಿ ಹಾಕುವುದು ಅಪರಾಧವಾಯಿತು. ಈ ಕಾನೂನು ಮರವನ್ನು ಸಾಗವಾನಿಯ ಬೆಲೆಯಲ್ಲಿ ಎಣಿಸಿದ್ದೂ ಉಂಟು, ಉಳಿದ ಕಾಡನ್ನು ಉಳಿಸಿದ್ದೂ ಉಂಟು. ಎರಡನ್ನೂ ಹೇಳದಿದ್ದರೆ ಇತಿಹಾಸದ ಪಾಠ ಅರ್ಧವಾಗುತ್ತದೆ.

ಇಷ್ಟಪಟ್ಟು ಕಾಡಿನಲ್ಲಿ ಮಲಗುವವರ ಬಗ್ಗೆ ಬರೆಯುವಾಗ, ಕಷ್ಟಪಟ್ಟು ಮಲಗಿದವರನ್ನು ಮರೆಯಬಾರದು. ಶಿಕಾರಿಪುರ ತಾಲೂಕಿನ ಈಸೂರು 1942ರಲ್ಲಿ ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡಿತು. ಸೆಪ್ಟೆಂಬರಿನ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಸತ್ತ ಬಳಿಕ ಪಡೆಗಳು ಊರಿಗೆ ನುಗ್ಗಿದವು. ಜನ ಮನೆ ಬಿಟ್ಟು ಸುತ್ತಲ ಕಾಡು ಸೇರಿದರು. 1943ರ ಮಾರ್ಚಿನಲ್ಲಿ ಈಸೂರಿನ ಐವರಿಗೆ ಗಲ್ಲಾಯಿತು. ಮಳೆ ಪೂರ್ತಿ ನಿಲ್ಲದ ಆ ದಿನಗಳಲ್ಲಿ ಕಾಡಿನಲ್ಲಿ ಕೂಸನ್ನು ಎದೆಗವಚಿಕೊಂಡು ಕುಳಿತ ತಾಯಂದಿರಿಗೆ ಬೆಂಕಿ ಹಾಕುವುದಕ್ಕೂ ಭಯ. ಹೊಗೆ ಕಂಡರೆ ಹಿಡಿಯುತ್ತಾರೆ. ಅದೂ ಬಿಡಾರವೇ. ನಮ್ಮ ಸ್ವಾತಂತ್ರ್ಯದ ವೆಚ್ಚದಲ್ಲಿ ಆ ರಾತ್ರಿಗಳನ್ನೂ ಸೇರಿಸಿ ಬರೆಯಬೇಕು.

ಮೂರು ಕಲ್ಲಿನ ಒಲೆ

ನನ್ನ ಬಾಲ್ಯದಲ್ಲಿ, ಅಂದರೆ 1960ರ ದಶಕದಲ್ಲಿ, ಶಿರಸಿಯ ಮಾರಿಕಾಂಬಾ ಜಾತ್ರೆಗೆ ನಮ್ಮ ಕಡೆಯವರು ಕಮಾನುಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆ ಅದು. ದಾರಿಯಲ್ಲಿ ನೀರು ಮತ್ತು ದೊಡ್ಡ ಮರ ಎರಡೂ ಇರುವ ಕಡೆ ಗಾಡಿ ಬಿಡುವುದು. ಅಲ್ಲಿ ಮೂರು ಕಲ್ಲು ಮಸಿ ಹಿಡಿದು ಮೊದಲೇ ಕಾದಿರುತ್ತಿದ್ದವು. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿ ಉಂಡು, ಗಾಡಿಯ ಕೆಳಗೆ ಹುಲ್ಲು ಹಾಸಿ, ಕಂಬಳಿ ಹೊದೆದು ಮಲಗಿದರೆ ಎತ್ತುಗಳ ಮೆಲುಕಿನ ಸದ್ದೇ ಜೋಗುಳ. ಬೆಳಗ್ಗೆ ಹೊರಡುವ ಮುನ್ನ ಅಜ್ಜಿ ಬೂದಿಗೆ ನೀರು ಹಾಕಿ, ಉಳಿದ ಸೌದೆಯನ್ನು ಮರದ ಬುಡಕ್ಕೆ ಒರಗಿಸಿಡುತ್ತಿದ್ದಳು. "ಯಾರಿಗಜ್ಜಿ?" ಎಂದರೆ, "ಹಿಂದೆ ಬರೋರಿಗೆ" ಎನ್ನುತ್ತಿದ್ದಳು. ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ನಾವು ಬಂದಾಗ ಸಿಕ್ಕ ಸೌದೆಯೂ ಹೀಗೆಯೇ ಯಾರೋ ಇಟ್ಟದ್ದು.

ಸುಗ್ಗಿ ಮುಗಿದ ಮೇಲೆ ಬಯಲುಸೀಮೆಯ ಕುರುಬರು ಕುರಿಹಿಂಡುಗಳೊಡನೆ ನಮ್ಮ ಕಡೆ ಬರುತ್ತಿದ್ದರು. ಹೊಲದಲ್ಲಿ ರಾತ್ರಿ ಕುರಿ ತರುಬಿದರೆ, ಅಂದರೆ ಹಿಂಡನ್ನು ಒಂದೆಡೆ ನಿಲ್ಲಿಸಿದರೆ, ಹಿಕ್ಕೆಯಿಂದ ಭೂಮಿಗೆ ಗೊಬ್ಬರ. ಹೊಲದ ಯಜಮಾನನೇ ಅವರಿಗೆ ಕಾಳು ಅಳೆದು ಕೊಡುತ್ತಿದ್ದ. ತಂಗಿದವನಿಗೆ ಜಾಗದವನು ಬಾಡಿಗೆ ಕೊಡುವ ಈ ವ್ಯವಸ್ಥೆಯನ್ನು ಅರ್ಥಶಾಸ್ತ್ರದ ಪುಸ್ತಕದಲ್ಲಿ ನಾನು ಓದಿಲ್ಲ. ಕುರುಬರ ಬಿಡಾರ ಎದ್ದುಹೋದ ಮೇಲೆ ನೆಲ ಮೊದಲಿಗಿಂತ ಫಲವತ್ತಾಗಿರುತ್ತಿತ್ತು.

ಶಾಲೆಯ ಸ್ಕೌಟ್ ದಳವನ್ನು ನಾನು ನೋಡಿಕೊಳ್ಳುತ್ತಿದ್ದ ದಿನಗಳಲ್ಲಿ ಹೇಳುತ್ತಿದ್ದುದೂ ಇದನ್ನೇ. 1907ರಲ್ಲಿ ಬೇಡನ್ ಪೊವೆಲರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರನ್ನು ಕೂಡಿಸಿ ನಡೆಸಿದ ಶಿಬಿರದಿಂದ ಸ್ಕೌಟ್ ಚಳವಳಿ ಬೆಳೆಯಿತು. ನಮ್ಮಲ್ಲಿ ಹರಿಹರದ ಬಳಿಯ ಕೊಂಡಜ್ಜಿಯ ಕೇಂದ್ರದಲ್ಲಿ ಎಷ್ಟೋ ಮಕ್ಕಳು ಗುಡಾರ ಹಾಕಲು ಕಲಿತಿದ್ದಾರೆ. ಆದರೆ ಉಳಿದ ಸೌದೆಯನ್ನು ಮುಂದಿನವರಿಗಿಡುವ ಪಾಠವನ್ನು ನಾನು ಕಲಿತದ್ದು ಅಜ್ಜಿಯಿಂದ.

ಇಂದಿನ ಬಿಟ್ಟಿ ಯಾರದು?

ಈಗ ಅಮೆರಿಕದ ವಿದ್ಯಾರ್ಥಿಗೆ ಉತ್ತರ ಕೊಡಬಹುದು. ಸ್ವೀಡನ್ನಿನಲ್ಲಿ ಯಾರ ಕಾಡಿನಲ್ಲಾದರೂ ಒಂದೆರಡು ರಾತ್ರಿ ತಂಗುವ ರೂಢಿಯ ಹಕ್ಕಿದೆ. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯಿದೆ ಅಂಥದೇ ಹಕ್ಕನ್ನು ಬರೆದುಕೊಟ್ಟಿತು. ಇಂಗ್ಲೆಂಡಿನ ಡಾರ್ಟ್‌ಮೂರ್ ಬೆಟ್ಟಬಯಲಿನಲ್ಲಿ ಗುಡಾರ ಹಾಕುವ ಹಕ್ಕು ಸಾರ್ವಜನಿಕರಿಗೆ ಉಂಟೆಂದು ಅಲ್ಲಿನ ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ಅಮೆರಿಕದ ವಿಶಾಲ ಕಾಡುಗಳು ಮಾತ್ರ ಸುಮ್ಮನೆ ಖಾಲಿ ಬಿದ್ದಿದ್ದವಲ್ಲ. ಇಂದು ಪ್ರವಾಸಿಗಳು ಮೆಚ್ಚುವ ಯೊಸೆಮಿಟಿ ಕಣಿವೆಯಿಂದ ಅಹ್ವಾನೀಚಿ ಎಂಬ ಮೂಲನಿವಾಸಿಗಳನ್ನು 1851ರಲ್ಲಿ ಸಶಸ್ತ್ರ ಪಡೆ ಹೊರದಬ್ಬಿತು. ಅಲ್ಲಿಯೂ ಯಾರೋ ವೆಚ್ಚ ಭರಿಸಿದ್ದಾರೆ. ಕಲ್ಲಿನ ಮೇಲೆ ಬರೆದಿಲ್ಲ, ಅಷ್ಟೇ.

ನಮ್ಮಲ್ಲಿ ಕಾಡು ಕಡಿಮೆ, ಜನ ಹೆಚ್ಚು, ಆನೆ ಹುಲಿಗಳಿಗೂ ಅದೇ ಮನೆ. 2024ರ ಜನವರಿ 26ರ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಚಾರಣಿಗರು ಒಟ್ಟಿಗೆ ನುಗ್ಗಿದ ದೃಶ್ಯ ನೋಡಿದವರು ಬೆರಗಾದರು. ಅನಂತರ ಸರ್ಕಾರ ಕೆಲಕಾಲ ಚಾರಣವನ್ನು ತಡೆದು, ಮುಂಗಡ ನೋಂದಣಿಯ ಪದ್ಧತಿಯನ್ನೂ ಒಂದು ದಾರಿಗೆ ದಿನಕ್ಕೆ 300 ಮಂದಿ ಎಂಬ ಮಿತಿಯನ್ನೂ ತಂದಿತು. ಸ್ವಾತಂತ್ರ್ಯ ಹೋಯಿತೆಂದು ಕೆಲವರು ಬೇಸರಿಸಿದರು. ಆದರೆ ಬೆಟ್ಟದ ಮೇಲೆ ಬಿಟ್ಟುಬಂದ ನೀರಿನ ಬಾಟಲಿಗಳನ್ನು, ಚಿಪ್ಸಿನ ಪೊಟ್ಟಣಗಳನ್ನು ಚೀಲದಲ್ಲಿ ತುಂಬಿ ಕೆಳಗಿಳಿಸುವವರು ಯಾರು? ದಿನಗೂಲಿಯ ಅರಣ್ಯ ಕಾವಲುಗಾರರು, ಇಲ್ಲವೆ ಸ್ವಯಂಸೇವಕರಾಗಿ ಬಂದ ಹುಡುಗರು. ಬೇಸಿಗೆಯಲ್ಲಿ ಆರಿಸದೆ ಬಿಟ್ಟ ಒಲೆಯ ಕಿಡಿ ಗುಡ್ಡಕ್ಕೆ ಹತ್ತಿದರೆ ಸೊಪ್ಪಿನ ಕೊಂಬೆ ಹಿಡಿದು ಬಡಿಯುವವರೂ ಅವರೇ. ಸಾಹೇಬರ ಮೊಕ್ಕಾಮಿಗೆ ನಮ್ಮ ಹಿರಿಯರು ಮಾಡಿದ ಬಿಟ್ಟಿಯನ್ನು, ಈಗ ನಮ್ಮದೇ ಮಕ್ಕಳ ಮೋಜಿಗಾಗಿ ಇವರು ಮಾಡುತ್ತಿದ್ದಾರೆ. ಹೆಸರು ಮಾತ್ರ ಬೇರೆ.

ಮಿತಿ, ಅನುಮತಿ ಇವೆಲ್ಲ ಇರಲಿ ಎನ್ನುವವರ ಪಕ್ಷ ನನ್ನದು. ಆದರೆ ಅದು ಬಡಹುಡುಗರನ್ನು ಹೊರಗಿಟ್ಟು ರೆಸಾರ್ಟಿನವರನ್ನು ಒಳಗೆ ಬಿಡುವ ಬಾಗಿಲಾಗಬಾರದು. ಸರ್ಕಾರಿ ಶಾಲೆಯ ಮಗುವೊಂದು ವರ್ಷಕ್ಕೆ ಒಂದು ರಾತ್ರಿಯಾದರೂ, ಇಲಾಖೆಯ ಅನುಮತಿ ಪಡೆದು, ತಿಳಿದವರ ಕಾವಲಿನಲ್ಲಿ, ಗುಡವಿಯ ಹಕ್ಕಿಗಳನ್ನೋ ಚಂದ್ರಗುತ್ತಿಯ ಬೆಟ್ಟವನ್ನೋ ನೋಡಿ ಬಂದು ನಕ್ಷತ್ರಗಳ ಕೆಳಗೆ ಮಲಗುವಂತಾಗಬೇಕು. ಕಾಡನ್ನು ನೋಡದೆ ಬೆಳೆದವನಿಂದ ಕಾಡು ಉಳಿಸು ಎಂದು ಹೇಗೆ ಕೇಳುವುದು?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಅಧಿಕಾರಿಗಳಾಗಿದ್ದೀರಿ, ಶಿಕ್ಷಕರಾಗಿದ್ದೀರಿ, ತಂದೆ ತಾಯಿಗಳಂತೂ ಬಹುಮಟ್ಟಿಗೆ ಎಲ್ಲರೂ ಆಗಿದ್ದೀರಿ. ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ದಾಗ ಗುಡಾರ ಕಟ್ಟುವುದನ್ನು ಕಲಿಸಿ. ಕಿತ್ತ ಮೇಲೆ ಆ ಜಾಗವನ್ನು ತಿರುಗಿ ನೋಡುವುದನ್ನೂ ಕಲಿಸಿ. ಹಿಂದೆ ಬರುವವನಿಗೆ ಅಲ್ಲಿ ಏನು ಸಿಗುತ್ತದೆ, ಒರಗಿಸಿಟ್ಟ ಸೌದೆಯೋ ಒಡೆದ ಬಾಟಲಿಯೋ? ಅದರ ಮೇಲೆ ನಮ್ಮದು ಬಿಡಾರವೋ ಬಿಟ್ಟಿಯೋ ಎಂಬುದು ನಿರ್ಧಾರವಾಗುತ್ತದೆ.